ಇಲ್ಲದ ಅಜ್ಜಿಯ ಮದ್ದು

ಅವನನ್ನು ಎಲ್ಲರೂ ಅಂಟಣ್ಣ ಎನ್ನುತ್ತಿದ್ದರು. ನಲವತ್ತಾರು ವರ್ಷ ರಾಳದ ಮರಗಳಿಂದ ಅಂಟು ಇಳಿಸಿದವನಿಗೆ ಇನ್ನೇನು ಹೆಸರು ಬಂದೀತು? ಬೆಳಗಾದರೆ ಕೊಕ್ಕೆಗತ್ತಿ ಹಿಡಿದು ಗುಡ್ಡ ಹತ್ತುವುದು, ತೊಗಟೆಯ ಮೇಲೆ ಬೆರಳಗಲದ ಗೀರು ಎಳೆಯುವುದು, ಗೀರಿನ ಕೆಳಗೆ ಮೊಳೆಗೆ ತೂಗುಹಾಕಿದ ತಗಡಿನ ಬಟ್ಟಲಲ್ಲಿ ತೊಟ್ಟಿಕ್ಕಿ ತುಂಬಿದ್ದನ್ನು ಡಬ್ಬಕ್ಕೆ ಬಳಿದುಕೊಳ್ಳುವುದು, ಸಂಜೆಗೆ ಡಬ್ಬ ಹೊತ್ತು ಡಿಪೋಗೆ ಇಳಿಯುವುದು. ಎಷ್ಟು ತೊಳೆದರೂ ಅಂಗೈ ಜಿಗುಟು ಜಿಗುಟೇ. ಬಾಗಿಲ ಚಿಲಕ, ಚಮಚ, ದಿಂಬು, ಎಲ್ಲಕ್ಕೂ ಆ ಕೈಯ ಗುರುತು. "ಅಂಟು ಬಿಡಲಿಲ್ಲ, ನಂಟು ಹತ್ತಲಿಲ್ಲ" ಎಂದು ತನ್ನ ಬಗ್ಗೆ ತಾನೇ ಒಂದು ಗಾದೆ ಕಟ್ಟಿಕೊಂಡಿದ್ದ. ಕೇಳಲು ಎದುರಿಗೆ ಯಾರೂ ಇಲ್ಲದ್ದರಿಂದ ಆ ಗಾದೆ ಊರಿಗೆ ಹಬ್ಬಿರಲಿಲ್ಲ.

ಡಿಪೋದಿಂದ ಅರ್ಧ ಗಂಟೆ ಏರು ಹತ್ತಿದರೆ ಕೆಲಸಗಾರರ ಸಾಲುಮನೆ. ಆರು ಕೋಣೆ, ಆರು ಬಾಗಿಲು, ಎಲ್ಲಕ್ಕೂ ಸೇರಿ ಒಂದು ಉದ್ದನೆಯ ಜಗಲಿ. ಒಂದು ಕಾಲದಲ್ಲಿ ಆ ಜಗಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈಗ ಐದು ಕೋಣೆಗಳಲ್ಲಿ ಖಾಲಿ ಡಬ್ಬಗಳು, ಆರನೆಯದರಲ್ಲಿ ಅಂಟಣ್ಣ. ರಾಳದ ಕೆಲಸಕ್ಕೆ ಹೊಸಬರು ಬರುತ್ತಿರಲಿಲ್ಲ, ಹಳಬರು ಒಬ್ಬೊಬ್ಬರಾಗಿ ಬೇರೆ ಕೆಲಸ ಹುಡುಕಿಕೊಂಡು ಇಳಿದುಹೋಗಿದ್ದರು. ಡಿಪೋ ನೋಡಿಕೊಳ್ಳುವವನೊಬ್ಬ ಉಳಿದಿದ್ದ. ಅವನಿಗೆ ಗುಡುಗಪ್ಪ ಎಂದು ಅಡ್ಡಹೆಸರು. ಅವನು ಗುಟ್ಟು ಹೇಳಿದರೂ ಎದುರು ಗುಡ್ಡಕ್ಕೆ ಕೇಳಿಸುತ್ತಿತ್ತು. ಅಂಟಣ್ಣ ದಿನಾ ಸಂಜೆ ಅವನ ಮುಂದೆ ಡಬ್ಬ ಇಳಿಸಿ, "ಬರ್ಲಾ?" ಎನ್ನುತ್ತಿದ್ದ. ಅವನು "ಹ್ಞೂಂ" ಎಂದು ಗುಡುಗುತ್ತಿದ್ದ. ಇಬ್ಬರ ನಡುವೆ ದಿನಕ್ಕೆ ಇಷ್ಟೇ ಮಾತು.

ಹೀಗಿರುವಾಗ ಒಂದು ಬುಧವಾರ ಪಟ್ಟಣದ ಬಸ್ಸಿನಿಂದ ಒಬ್ಬಳು ಹೆಂಗಸು ಇಳಿದು, ಸಾಲುಮನೆಯವರೆಗೂ ಏದುಸಿರು ಬಿಡುತ್ತ ಹತ್ತಿ ಬಂದಳು. ಮೂವತ್ತೈದರ ಆಸುಪಾಸು. ಹೆಗಲಿಗೊಂದು ಚೀಲ, ಕೈಯಲ್ಲಿ ದಪ್ಪ ನೋಟ್‌ಬುಕ್ಕು. ಪಟ್ಟಣದ ಸಸ್ಯ ಸಂಗ್ರಹಾಲಯದಲ್ಲಿ ಕೆಲಸವಂತೆ. ಹುಳಹುಪ್ಪಟೆ ಕಚ್ಚಿದಾಗ ಜನ ಮೊದಲಿನಿಂದ ಮರದ ಅಂಟನ್ನು ಹೇಗೆ ಮದ್ದಾಗಿ ಬಳಸುತ್ತಿದ್ದರು ಎಂಬ ಬಗ್ಗೆ ಪುಸ್ತಕ ಮಾಡುತ್ತಿದ್ದಳು.

"ಸರ್, ನಿಮ್ಮಷ್ಟು ಗೊತ್ತಿರೋರು ಈ ಕಡೆ ಯಾರೂ ಇಲ್ಲ ಅಂದ್ರು ಡಿಪೋದಲ್ಲಿ" ಎಂದಳು.

ಸರ್ ಎಂದದ್ದು ಯಾರನ್ನು ಎಂದು ಅಂಟಣ್ಣ ಹಿಂದೆ ತಿರುಗಿ ನೋಡಿದ. ಹಿಂದೆ ಬರೀ ಗೋಡೆ.

"ನನ್ನನ್ನ ಸರ್ ಅಂದ್ರೆ ಡಬ್ಬಗಳು ನಗ್ತಾವೆ, ಮೇಡಂ."

"ಹಾಗಾದ್ರೆ ದೊಡ್ಡಪ್ಪ ಅಂತೀನಿ. ನೀವೂ ಮೇಡಂ ಅನ್ನೋದು ಬಿಡಬೇಕು."

ಅವನು ಬಿಡಲಿಲ್ಲ. ಆದರೆ ದೊಡ್ಡಪ್ಪ ಎಂಬ ಮಾತು ಮಾತ್ರ ಎದೆಯಲ್ಲಿ ಎಲ್ಲೋ ಹೋಗಿ ಕೂತಿತು.

ಅವನಿಗೆ ಗೊತ್ತಿದ್ದ ಮದ್ದು ಮೂರೇ ಮೂರು. ಮೂರನ್ನೂ ಕಲಿಸಿದವನು ಹಳೆಯ ಮೇಸ್ತ್ರಿ, ತೀರಿಕೊಂಡು ಹದಿನಾಲ್ಕು ವರ್ಷ. ಜೇನು ಚುಚ್ಚಿ ಮುಳ್ಳು ಚರ್ಮದಲ್ಲೇ ಉಳಿದರೆ ಉಗುರಿನಿಂದ ಕೆರೆದು ತೆಗೆದು, ಅಂಗೈಯಲ್ಲಿ ಉಜ್ಜಿ ಮೆತ್ತಗಾದ ಅಂಟಿನ ಉಂಡೆಯನ್ನು ಮೇಲೆ ಒತ್ತಬೇಕು. ಕಂಬಳಿಹುಳ ತಾಗಿದರೆ ಅಂಟನ್ನು ತೆಳ್ಳಗೆ ಹಚ್ಚಿ, ಬಿಗಿದ ಮೇಲೆ ಒಂದೇ ಸಲ ಎಳೆಯಬೇಕು. ಕೂದಲೆಲ್ಲ ಅದರ ಜೊತೆ ಬರುತ್ತವೆ. ಸೊಳ್ಳೆ, ನೊಣ ಕಚ್ಚಿದ ತುರಿಕೆಗೆ ಅಂಟು, ಜೇನುಮೇಣ, ಎಣ್ಣೆ ಮೂರನ್ನೂ ಸಣ್ಣ ಉರಿಯಲ್ಲಿ ಕರಗಿಸಿ ಸವರಬೇಕು. ಮೇಸ್ತ್ರಿ ಪ್ರತಿ ಸಲವೂ ಒಂದು ಮಾತು ಸೇರಿಸುತ್ತಿದ್ದ: "ನಾಲಿಗೆ ದಪ್ಪ ಆದ್ರೆ, ಉಸಿರು ಸಿಕ್ಕೊಂಡ್ರೆ, ಅಂಟು ಗಿಂಟು ಮರ್ತು ಆಸ್ಪತ್ರೆಗೆ ಓಡೋ."

ಮೊದಲ ಬುಧವಾರವೇ ಮೂರನ್ನೂ ಹೇಳಿ ಮುಗಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಜೇನಿನದೊಂದನ್ನೇ ಹೇಳಿದ. ಅವಳು ಅದನ್ನು ನಾಲ್ಕು ಪುಟ ಬರೆದುಕೊಂಡಳು. ಯಾವ ಕಾಲದ ಅಂಟು, ಎಷ್ಟು ಹಳೆಯದು, ವಾಸನೆ ಹೇಗೆ, ಒತ್ತಿದಾಗ ಉರಿಯುತ್ತದೆಯೇ ಎಂದೆಲ್ಲ ಕೇಳಿದಳು. ತಾನು ಹೇಳಿದ ಮಾತನ್ನು ಒಬ್ಬರು ಬರೆದುಕೊಳ್ಳುವುದನ್ನು ಅಂಟಣ್ಣ ಹುಟ್ಟಿದ ಮೇಲೆ ಮೊದಲ ಸಲ ನೋಡಿದ್ದು. ಪೆನ್ನು ಓಡುವಾಗ ಮಾತು ನಿಲ್ಲಿಸುತ್ತಿದ್ದ, ಪೆನ್ನು ನಿಂತಾಗ ಮುಂದುವರಿಸುತ್ತಿದ್ದ. ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ.

"ಇನ್ನೂ ಇದೆಯಾ ದೊಡ್ಡಪ್ಪ?"

"ಇದಾವೆ, ಇದಾವೆ. ಒಂದೇ ದಿನಕ್ಕೆ ಮುಗಿಯೋ ಮಾತಾ?"

ಮುಂದಿನ ಬುಧವಾರ ಕಂಬಳಿಹುಳ. ಅದರ ಮುಂದಿನ ಬುಧವಾರ ಸೊಳ್ಳೆ. ಆ ದಿನ ಅವಳು ಚೀಲ ಹೆಗಲಿಗೆ ಹಾಕಿಕೊಳ್ಳುತ್ತ, "ಅಲ್ಲಿಗೆ ಮುಗೀತಾ?" ಎಂದಾಗ, ಅಂಟಣ್ಣನ ಬಾಯಿ ಅವನ ಅಪ್ಪಣೆ ಕೇಳದೆ ಹೇಳಿಬಿಟ್ಟಿತು:

"ಮೇಸ್ತ್ರಿ ಕಲಿಸಿದ್ದು ಮುಗೀತು. ನಮ್ಮಜ್ಜಿ ಕಲಿಸಿದ್ದು ಬಾಕಿ ಇದೆ."

ಅವಳ ಕಣ್ಣು ಅರಳಿತು. "ಅಜ್ಜೀನಾ?"

"ಅಜ್ಜೀನೇ. ನಾಲ್ಕು ಊರಿಗೆ ಮದ್ದು ಕೊಡ್ತಿದ್ಲು."

ಅಂಟಣ್ಣನಿಗೆ ಅಜ್ಜಿ ಇರಲಿಲ್ಲ. ಎಲ್ಲರಿಗೂ ಇರುವ ಹಾಗೆ ಎಲ್ಲೋ ಇದ್ದಿರಬೇಕು, ಆದರೆ ಅವನು ಕಂಡವನಲ್ಲ. ಅವನು ಬೆಳೆದದ್ದು ಅನಾಥಾಲಯದಲ್ಲಿ, ಮೂವತ್ತೆರಡು ಕಬ್ಬಿಣದ ಮಂಚಗಳಿದ್ದ ಒಂದೇ ಹಾಲಿನಲ್ಲಿ. ಹದಿನಾರು ತುಂಬಿದ ವಾರವೇ ಅವನನ್ನು ಮೇಸ್ತ್ರಿಯ ಕೈಗೆ ಒಪ್ಪಿಸಿದ್ದರು.

ಆ ವಾರ ಪೂರ್ತಿ ಮರದಿಂದ ಮರಕ್ಕೆ ಹೋಗುತ್ತ ಅವನು ಅಜ್ಜಿಯನ್ನು ಕಟ್ಟಿದ. ಮೊದಲು ಕೈ ಬಂತು. ಗಂಟು ಗಂಟಾದ ಬೆರಳು, ಬಿಸಿ ಅಂಟು ಹಿಡಿದರೂ ಸುಡದ ತುದಿಗಳು. ಆಮೇಲೆ ದನಿ. ಆಮೇಲೆ ಸಿಟ್ಟು, ಅಜ್ಜಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಮೊಮ್ಮಗನ ಮೇಲೆ ಮಾತ್ರ ಬರುತ್ತಿರಲಿಲ್ಲ. ಒಂದು ಕಿವಿ ಮಂದ. ಬಲಗಿವಿಗೆ ಹೇಳಿದ್ದು ಕೇಳುತ್ತಿತ್ತು, ಎಡಗಿವಿಗೆ ಹೇಳಿದ್ದಕ್ಕೆ ತನಗೆ ತೋಚಿದ ಉತ್ತರ ಕೊಡುತ್ತಿದ್ದಳು. ಇದನ್ನು ನೆನೆದು ಅವನು ಮರದ ಮುಂದೆ ನಿಂತು ಒಬ್ಬನೇ ನಕ್ಕ.

ಬುಧವಾರ ಅಜ್ಜಿ ಬಾಯಿಬಿಟ್ಟಳು. ಮರದ ಬಿಸಿಲು ಕಡೆಯ ಅಂಟು ಉಷ್ಣ, ನೆರಳು ಕಡೆಯದು ತಂಪು. ಇರುವೆ ಕಚ್ಚಿದರೆ ತಂಪಿನದು, ಉಣ್ಣೆ ಕಚ್ಚಿದರೆ ಉಷ್ಣದ್ದು. ಮೇಡಂ ಬರೆದುಕೊಳ್ಳುತ್ತ ತಲೆ ಎತ್ತಿ, "ದೊಡ್ಡಪ್ಪ, ಇದನ್ನ ಎಲ್ಲೂ ಯಾರೂ ಬರೆದೇ ಇಲ್ಲ!" ಎಂದಳು. ಹೇಗೆ ಬರೆದಾರು? ಅಂಟಣ್ಣನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು, ಅಳುಕೂ ಆಯಿತು. ಆದರೆ ಅವಳು ಮತ್ತೆ ಎರಡು ಗಂಟೆ ಕೂತಳು. ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಅವನಿಗೂ ಕೊಟ್ಟು ತಾನೂ ತಿಂದಳು. ತನ್ನ ಮೇಲಧಿಕಾರಿ ಗೊರಕೆ ಹೊಡೆಯುತ್ತಲೇ ಸಹಿ ಹಾಕುತ್ತಾನೆಂದು ಹೇಳಿ ನಗಿಸಿದಳು. ಅವಳು ಹೋದ ಮೇಲೆ ಅವನು ಜಗಲಿಯ ಮೇಲಿನ ಬಿಸ್ಕತ್ತಿನ ಪುಡಿಯನ್ನು ಗುಡಿಸಲಿಲ್ಲ. ಇರುವೆಗಳು ಬಂದು ಒಯ್ದವು.

ಒಂದು ಸುಳ್ಳಿಗೆ ಹತ್ತು ಸುಳ್ಳು ಎನ್ನುತ್ತಾರೆ. ಅವನದು ಐದಕ್ಕೆ ನಿಂತಿತು. ಐದನೆಯದು ಕಣಜದ ಮದ್ದು: ಹಸಿ ತೊಗಟೆ ಅರೆದು, ಆಗ ತಾನೇ ಇಳಿದ ಅಂಟಿನಲ್ಲಿ ಕಲಸಿ ಕಾಯಿಸಿ, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಕಟ್ಟಬೇಕು.

"ಎಷ್ಟು ಹೊತ್ತು?"

"ಮೂರು ದಿನ. ಮಧ್ಯೆ ಬಿಚ್ಚಿದ್ರೆ ಅಜ್ಜಿ ಬಯ್ಯೋಳು."

ಅವಳು ನಕ್ಕು, ಅಜ್ಜಿಯ ಬೈಗುಳವನ್ನೂ ಬರೆದುಕೊಂಡಳು.

ಮುಂದಿನ ಬುಧವಾರ ಬಸ್ಸು ಬಂತು, ಅವಳು ಬರಲಿಲ್ಲ. ಅಂಟಣ್ಣ ಆ ದಿನ ಗುಡ್ಡ ಹತ್ತಿರಲಿಲ್ಲ. ಬೆಳಿಗ್ಗೆಯಿಂದ ಸ್ನಾನ ಮಾಡಿ, ಎಣ್ಣೆ ಹಚ್ಚಿ ಕೈ ತಿಕ್ಕಿ ತೊಳೆದು ಕೂತಿದ್ದ. ಬಸ್ಸು ಹಿಂದಕ್ಕೆ ಹೋಗುವ ಸದ್ದು ಕೇಳಿಸಿತು. ಸಾಲುಮನೆಯ ಮುಂದಿನ ಹಾದಿ ಇದ್ದ ಹಾಗೇ ಇತ್ತು. ಅಷ್ಟು ವರ್ಷ ಯಾರೂ ಬಾರದ ಹಾದಿ ಅವನಿಗೆ ಯಾವತ್ತೂ ಖಾಲಿ ಎನಿಸಿರಲಿಲ್ಲ. ಆ ಮಧ್ಯಾಹ್ನ ಅದನ್ನು ನೋಡಲಾಗದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅದರ ಮುಂದಿನ ವಾರ ಬಂದಳು. ಎಡಗೈಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಳಿ ಪಟ್ಟಿ.

"ಏನಾಯ್ತು ಮೇಡಂ?"

"ಏನಿಲ್ಲ ದೊಡ್ಡಪ್ಪ, ನನ್ನದೇ ತಪ್ಪು. ಮನೆ ಕಿಟಕೀಲಿ ಕಣಜ ಕಚ್ತು. ಒಳ್ಳೇದೇ ಆಯ್ತು, ಅಜ್ಜಿ ಮದ್ದು ಹಾಕಿ ನೋಡೋಣ ಅಂತ ಇಲ್ಲಿಂದ ಒಯ್ದಿದ್ದ ಅಂಟು, ತೊಗಟೆ ಕಲಸಿ ಕಟ್ಟಿದೆ. ಎರಡನೇ ದಿನಕ್ಕೆ ಉರಿ ಶುರುವಾಯ್ತು. ಬಿಚ್ಚಬಾರದು ಅಂದಿದ್ರಲ್ಲ, ಹಲ್ಲು ಕಚ್ಕೊಂಡು ಇದ್ದೆ." ಅವಳು ನೋಟ್‌ಬುಕ್ಕು ತೆಗೆದಳು. "ಮೂರನೇ ದಿನ ನೋಡಿದ್ರೆ ತುಂಬಾ ಬೊಬ್ಬೆ. ಡಾಕ್ಟರು ಬೈದ್ರು. ನಾನು ತೊಗಟೆ ಜಾಸ್ತಿ ಹಾಕಿರ್ಬೇಕು, ಅಲ್ವಾ? ಅಜ್ಜಿ ಎಷ್ಟು ಹಾಕ್ತಿದ್ರು? ಸರಿಯಾಗಿ ನೆನಪು ಮಾಡ್ಕೊಳ್ಳಿ, ಪುಸ್ತಕದಲ್ಲಿ ತಪ್ಪು ಹೋಗ್ಬಾರ್ದು."

ಬೈದಿದ್ದರೆ ಅಂಟಣ್ಣ ತಡೆದುಕೊಳ್ಳುತ್ತಿದ್ದ. ಅವಳು ತಪ್ಪನ್ನೆಲ್ಲ ತನ್ನ ಮೇಲೆ ಎಳೆದುಕೊಂಡು, ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ತೆಗೆದು, ಅಜ್ಜಿಯ ಅಳತೆಗಾಗಿ ಕಾಯುತ್ತಿದ್ದಳು.

"ಒಂದು... ಒಂದು ಚಿಟಿಕೆ" ಎಂದ.

"ಅದಕ್ಕೇ ಮತ್ತೆ! ನಾನು ಹಿಡಿ ತುಂಬಾ ಹಾಕಿದ್ದೆ." ಬರೆದುಕೊಂಡಳು. "ಇನ್ನು ಹತ್ತು ದಿನಕ್ಕೆ ಪುಸ್ತಕ ಅಚ್ಚಿಗೆ ಹೋಗುತ್ತೆ, ದೊಡ್ಡಪ್ಪ. ಅಜ್ಜಿಗೆ ಅಂತಲೇ ಒಂದು ಅಧ್ಯಾಯ ಇಟ್ಟಿದೀನಿ."

ಅವಳು ಹೋದ ಮೇಲೆ ಅವನು ಅನ್ನ ನೀರು ಮುಟ್ಟಲಿಲ್ಲ. ಎರಡು ದಿನ ಗುಡ್ಡದಲ್ಲಿ ಕತ್ತಿ ಹಿಡಿದು ಅಲೆದ. ಕತ್ತಿಯ ಬಾಯಿಗೆ ಮರ ಸಿಗಲಿಲ್ಲ, ಮನಸ್ಸಿಗೆ ನೆಮ್ಮದಿ ಸಿಗಲಿಲ್ಲ. ಯಾರೋ ಒಬ್ಬ ತಾಯಿ ಆ ಪುಸ್ತಕ ಓದಿ ಮಗುವಿನ ಕೈಗೆ ಬಿಸಿ ಅಂಟು ಕಟ್ಟುತ್ತಾಳೆ, ಮಗು ಅಳುತ್ತದೆ, ಅಜ್ಜಿ ಬಯ್ಯುತ್ತಾಳೆಂದು ತಾಯಿ ಬಿಚ್ಚುವುದಿಲ್ಲ. ಇದು ಕಣ್ಣಿಗೆ ಕಟ್ಟಿತು. ಅವನು ಕಟ್ಟಿದ ಅಜ್ಜಿ ಎಷ್ಟು ಒಳ್ಳೆಯವಳು! ಅವಳ ಕೈಯಿಂದಲೇ ಇದು ಆಗಬೇಕೆ?

ಮೂರನೆಯ ದಿನ ಬೆಳಗಿನ ಬಸ್ಸು ಹತ್ತಿದ. ಪಟ್ಟಣ ನೋಡಿ ಆರು ವರ್ಷವಾಗಿತ್ತು. ಸಂಗ್ರಹಾಲಯದ ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದ. ಉದ್ದನೆಯ ಹಜಾರ, ಎರಡೂ ಕಡೆ ಗಾಜಿನ ಕಪಾಟು, ಒಣಗಿದ ಎಲೆ, ಬೇರು, ಬೀಜ. ಕೊನೆಯ ಕೋಣೆಯಲ್ಲಿ ಅವಳು ಕಾಗದದ ರಾಶಿಯ ಹಿಂದೆ ಕೂತಿದ್ದಳು. ಪಟ್ಟಿ ಇನ್ನೂ ಕೈಯಲ್ಲಿತ್ತು.

"ಅಯ್ಯೋ ದೊಡ್ಡಪ್ಪ! ನೀವಾ? ಬನ್ನಿ, ಕೂತ್ಕೊಳ್ಳಿ."

"ಕೂತ್ಕೊಂಡ್ರೆ ಹೇಳೋಕಾಗಲ್ಲ ಮೇಡಂ. ನಿಂತೇ ಹೇಳ್ತೀನಿ." ಚಪ್ಪಲಿಯನ್ನು ಎದೆಗೆ ಒತ್ತಿ ಹಿಡಿದಿದ್ದ. "ಆ ಕಣಜದ ಮದ್ದು ಸುಳ್ಳು. ತೊಗಟೆ ಜಾಸ್ತಿ ಆಗಿದ್ದಲ್ಲ. ಆ ಮದ್ದೇ ಇಲ್ಲ. ಇರುವೇದು, ಉಣ್ಣೇದು, ಬಿಸಿಲು ನೆರಳು, ಎಲ್ಲಾ ಸುಳ್ಳು. ನಾನು ಕಟ್ಟಿದ್ದು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಜ್ಜಿ ಹೇಳಿದ್ದು ನಿಮಗೆ ಮರೆತು..."

"ಅಜ್ಜೀನೂ ಇಲ್ಲ."

ಆ ಎರಡು ಮಾತು ಆಡುವುದು ಅವನಿಗೆ ಕಷ್ಟವಾಯಿತು. ಹೆತ್ತವರಿಲ್ಲ ಎಂದು ಎಷ್ಟೋ ಸಲ ಎಷ್ಟೋ ಜನಕ್ಕೆ ಹೇಳಿದ್ದ, ಹೀಗೆ ಆಗಿರಲಿಲ್ಲ. ಒಂದೂವರೆ ತಿಂಗಳು ಜೊತೆಯಲ್ಲಿ ಓಡಾಡಿದ ಮುದುಕಿ, ಬಲಗಿವಿಯವಳು, ಸಿಟ್ಟಿನವಳು, ಅಲ್ಲಿ ಆ ಕಾಗದಗಳ ಮುಂದೆ ತೀರಿಕೊಂಡ ಹಾಗಾಯಿತು.

ಅವಳು ರಾಶಿಯಿಂದ ಒಂದೊಂದೇ ಹಾಳೆ ಎಳೆದು, ಕೆಂಪು ಪೆನ್ನಿನಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆಯತೊಡಗಿದಳು.

"ಯಾವುದು ನಿಜ?" ಅವಳ ದನಿ ತಣ್ಣಗಿತ್ತು. ದೊಡ್ಡಪ್ಪ ಎನ್ನಲಿಲ್ಲ.

"ಮೊದಲಿನ ಮೂರು. ಮೇಸ್ತ್ರಿ ಆಣೆಗೂ ನಿಜ. ನಾನೇ ಮಾಡಿ ನೋಡಿದೀನಿ. ಉಸಿರು ಕಟ್ಟಿದ್ರೆ ಆಸ್ಪತ್ರೆಗೆ ಹೋಗಿ ಅಂತ ಬರೀರಿ. ಅದನ್ನ ಮಾತ್ರ ದೊಡ್ಡ ಅಕ್ಷರದಲ್ಲಿ ಬರೀರಿ."

"ಯಾಕೆ ಹೀಗೆ ಮಾಡಿದ್ರಿ? ನಾನು ನಿಮಗೇನು ಮಾಡಿದ್ದೆ?"

"ಏನೂ ಮಾಡ್ಲಿಲ್ಲ. ಬರ್ತಿದ್ರಿ." ಅವನು ನೆಲ ನೋಡಿದ. "ಮುಗೀತು ಅಂದ್ರೆ ಬರಲ್ಲ ಅಂತ ಗೊತ್ತಿತ್ತು."

ಅವಳು ಪೆನ್ನು ಕೆಳಗಿಟ್ಟಳು. ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡಿದಳು. ಕ್ಷಮಿಸಿದೆ ಎನ್ನಲಿಲ್ಲ, ಅಂಟಣ್ಣನೂ ಕೇಳಲಿಲ್ಲ. ಯಾರನ್ನೋ ಕೂಗಿ ಎರಡು ಟೀ ತರಲು ಹೇಳಿದಳು.

"ಕೂತ್ಕೊಳ್ಳಿ. ಚಪ್ಪಲಿ ಕೆಳಗಿಡಿ."

ಅವನು ಕೂತ.

"ಅಜ್ಜಿ ಇಲ್ಲ ಅಂದ್ರೆ, ನಿಮ್ಮನ್ನ ಬೆಳೆಸಿದ್ದು ಯಾರು?"

ಅವಳು ನೋಟ್‌ಬುಕ್ಕು ಮುಟ್ಟಿರಲಿಲ್ಲ. ಅಂಟಣ್ಣ ಹೇಳಿದ. ಮೂವತ್ತೆರಡು ಮಂಚ. ಅವನದು ಬಾಗಿಲಿಂದ ಒಂಬತ್ತನೆಯದು. ರವಿವಾರ ಯಾರದಾದರೂ ಬಂಧುಗಳು ಬಂದರೆ ಬಾಗಿಲ ಹತ್ತಿರದ ಮಂಚದವರಿಗೆ ಮೊದಲು ಕಾಣುತ್ತಿತ್ತು, ಒಂಬತ್ತನೆಯದಕ್ಕೆ ಕಾಣುವಷ್ಟರಲ್ಲಿ ಅವರು ಯಾರ ಮನೆಯವರು ಎಂದು ಗೊತ್ತಾಗಿಬಿಡುತ್ತಿತ್ತು. ಹದಿನಾರಕ್ಕೆ ಮೇಸ್ತ್ರಿ. ಮೇಸ್ತ್ರಿ ಬಾಯಿ ಬಿಟ್ಟರೆ ಬೈಗುಳ, ಆದರೆ ಮೊದಲ ಸಲ ಜೇನು ಕಚ್ಚಿದಾಗ ಅಂಟು ಒತ್ತಿ, ಅದು ತಣಿಯುವವರೆಗೂ ಕೈ ಹಿಡಿದು ಕೂತಿದ್ದ. ಮೇಸ್ತ್ರಿ ಹೋದ. ಸಾಲುಮನೆಯವರು ಹೋದರು. ಅಷ್ಟೇ. ಹೇಳಿ ಮುಗಿಸಿ ನೋಡಿದರೆ ಟೀ ಇನ್ನೂ ಬಿಸಿಯಾಗಿಯೇ ಇತ್ತು. ಅರವತ್ತೆರಡು ವರ್ಷದ ಬದುಕು ಒಂದು ಲೋಟ ಟೀ ಆರುವಷ್ಟೂ ಬರಲಿಲ್ಲವಲ್ಲ ಎಂದು ಅವನಿಗೇ ನಾಚಿಕೆಯಾಯಿತು.

ಅವಳು ಬಸ್ ಸ್ಟಾಂಡಿನವರೆಗೆ ಬಂದಳು. ಕಿಟಕಿಯ ಬಳಿ ನಿಂತು, "ಅಜ್ಜಿ ಚೆನ್ನಾಗಿದ್ರು" ಎಂದಳು. ಅದು ಮುಳ್ಳೋ ಮಾತೋ ಅವನಿಗೆ ಗೊತ್ತಾಗಲಿಲ್ಲ. ಬಸ್ಸು ಹೊರಟಿತು.

ಮುಂದಿನ ಬುಧವಾರ ಅವಳು ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಅವಳಿಗೆ ಬರುವ ಕೆಲಸ ಉಳಿದಿರಲಿಲ್ಲ. ಅಂಟಣ್ಣ ಮೊದಲಿನ ಹಾಗೆ ಗುಡ್ಡ ಹತ್ತಿದ, ಗೀರು ಎಳೆದ, ಡಬ್ಬ ಇಳಿಸಿದ. ಅಜ್ಜಿಯನ್ನು ಮತ್ತೆ ಕರೆಯಲು ಒಂದೆರಡು ಸಲ ನೋಡಿದ. ಅವಳು ಬರಲೊಪ್ಪಲಿಲ್ಲ, ಕೈ ಬಂದರೆ ದನಿ ಬರುತ್ತಿರಲಿಲ್ಲ. ಸುಮ್ಮನೆ ಬಿಟ್ಟ.

ನಾಲ್ಕು ತಿಂಗಳ ಮೇಲೆ ಡಿಪೋಗೆ ಟಪಾಲಿನಲ್ಲಿ ಪುಸ್ತಕ ಬಂತು. ಅಂಟಣ್ಣ ಸಂಜೆ ಡಬ್ಬ ಇಳಿಸುವ ಹೊತ್ತಿಗೆ ಗುಡುಗಪ್ಪ ಪೊಟ್ಟಣ ಬಿಚ್ಚಿಯೇ ಕೂತಿದ್ದ.

"ಏಯ್, ನಿನ್ನ ಬಗ್ಗೆ ಬರೆದಿದಾರಲ್ಲಯ್ಯಾ!"

"ಎಷ್ಟಿದೆ?"

"ಒಂದೂವರೆ ಪುಟ." ಗುಡುಗಪ್ಪ ಕನ್ನಡಕ ಏರಿಸಿ ಓದಿದ. ಅವನು ಓದಿದ ರಭಸಕ್ಕೆ ತಗಡಿನ ಮಾಡಿನ ಮೇಲಿದ್ದ ಹಕ್ಕಿಗಳು ಹಾರಿದವು. ಜೇನು, ಕಂಬಳಿಹುಳ, ಸೊಳ್ಳೆ. ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ ಆಸ್ಪತ್ರೆಯ ಮಾತು. ಮೂರನ್ನೂ ಹೇಳಿದವರು ರಾಳ ಇಳಿಸುವ ಹಿರಿಯರೊಬ್ಬರು, ಕಲಿಸಿದವರು ಅವರ ಮೇಸ್ತ್ರಿ ಎಂದಿತ್ತು. ಅಜ್ಜಿಯ ಸುದ್ದಿ ಎಲ್ಲೂ ಇರಲಿಲ್ಲ. ಅಂಟಣ್ಣ ಇನ್ನೊಮ್ಮೆ ಓದಿಸಿದ. ಎರಡನೆಯ ಸಲವೂ ಇರಲಿಲ್ಲ.

ಗುಡುಗಪ್ಪ ಪುಸ್ತಕ ಮುಚ್ಚಿ ಅವನನ್ನೇ ನೋಡಿದ. "ಮೂವತ್ತು ವರ್ಷ ಆಯ್ತು ನಿನ್ನ ಡಬ್ಬ ಇಳಿಸ್ಕೊಳ್ತಾ. ನನ್ನ ಹೆಂಡ್ತಿಗೆ ಸೊಳ್ಳೆ ಕಚ್ಚಿದ್ರೆ ವಾರಗಟ್ಲೆ ತುರಿಕೆ. ಒಂದು ದಿನ ಆದ್ರೂ ಹೇಳಿದೀಯಾ ಇದನ್ನ?"

"ನೀನು ಕೇಳ್ಲಿಲ್ಲ."

"ಕೇಳೋಕೆ ನೀನು ಕೂತಿದ್ದು ಯಾವಾಗ? ಡಬ್ಬ ಇಳಿಸ್ತೀಯ, ಬರ್ಲಾ ಅಂತೀಯ, ಹೋಗೇಬಿಡ್ತೀಯ. ನಿನಗೆ ಜನ ಆಗಲ್ಲ ಅಂತಲೇ ಅಂದ್ಕೊಂಡಿದ್ದೆ ನಾನು."

ಮೂವತ್ತು ವರ್ಷ ಒಬ್ಬನ "ಬರ್ಲಾ", ಇನ್ನೊಬ್ಬನ "ಹ್ಞೂಂ" ಎರಡನ್ನೂ ಎದುರಿನವನು ಕದ ಹಾಕಿದ ಸದ್ದೆಂದು ತಿಳಿದಿದ್ದ. ಅಂಟಣ್ಣ ಗೋಡೆಗೆ ಒರಗಿಸಿಟ್ಟ ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತ. ಎಣ್ಣೆ ಎಷ್ಟು, ಮೇಣ ಎಷ್ಟು ಎಂದು ಗುಡುಗಪ್ಪ ಕೇಳಿದ. ಅಂಟಣ್ಣ ಹೇಳಿದ, ಮೈಮೇಲೆಲ್ಲ ಬಳಿಯುವ ಮುಂಚೆ ಒಂದು ಚೂರು ಹಚ್ಚಿ ನೋಡು ಎಂದೂ ಹೇಳಿದ. ಗುಡುಗಪ್ಪ ಬರೆದುಕೊಳ್ಳಲಿಲ್ಲ, ಮರೆತೇ ಮರೆಯುತ್ತಾನೆ.

ಆರೂವರೆಗೆ ಗುಡುಗಪ್ಪ ಬೀಗ ಹಾಕಿ, ಕೆಳಗೆ ದೀಪ ಹಚ್ಚಿದ್ದ ತನ್ನ ಮನೆಯ ಕಡೆ ಇಳಿದ. ಅಂಟಣ್ಣ ಪುಸ್ತಕವನ್ನು ಅಂಗಿಯೊಳಗೆ ಸೇರಿಸಿಕೊಂಡು ಏರುಹಾದಿ ಹಿಡಿದ. ಅರ್ಧ ಹಾದಿಯವರೆಗೂ ಕೆಳಗಿನಿಂದ ಗುಡುಗಪ್ಪ ಹೆಂಡತಿಗೆ ಏನೋ ಹೇಳುತ್ತಿದ್ದ ದನಿ ಕೇಳಿಸುತ್ತಲೇ ಇತ್ತು. ತಿರುವು ದಾಟಿದ ಮೇಲೆ ಅದೂ ನಿಂತಿತು.